ಮಿಸೌರಿಯ ಎರಡು ಬಾಟ್ಲಿ

೧೯೪೪ನೇ ಇಸವಿ ಜನವರಿ ೧೯, ಬುಧವಾರ. ಚನ್ನಗಿರಿ ಪೊಲೀಸ್ ಠಾಣೆಯ ಬಾಗಿಲು ತೆಗೆಯುವ ಹೊತ್ತಿಗೇ ಬಸವಾಪಟ್ಟಣದ ಅಜ್ಜಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಇನ್ಸ್‌ಪೆಕ್ಟರ್ ಶಿವಮೂರ್ತಪ್ಪ ಕುರ್ಚಿಗೆ ಬೆನ್ನು ಕೊಡುವುದೇ ತಡ, ಅವಳು ಸೆರಗಿನೊಳಗಿಂದ ಒಂದು ಬಾಟ್ಲಿ ತೆಗೆದು ಮೇಜಿನ ಮೇಲೆ ಇಟ್ಟಳು.

"ಇದನ್ನ ಕುಡಿದು ನನ್ನ ಗಂಡ ಸತ್ತ ಸ್ವಾಮಿ. ನಿನ್ನೆ ಸಂಜೆ, ಹೊನ್ನಾಳಿ ಆಸ್ಪತ್ರೆಯಾಗೆ."

ಕಡುಹಸಿರು ಗಾಜು, ಇಂಗ್ಲಿಷ್ ಅಕ್ಷರದ ಚೀಟಿ, ಚೀಟಿಯ ಮೇಲೆ ಒಂದು ನದಿ, ನದಿಯ ಪಕ್ಕ ದ್ರಾಕ್ಷಿ ಗೊನೆ. ತಳದಲ್ಲಿ ನಾಲ್ಕು ಬೆರಳಿನಷ್ಟು ಕೆಂಪು ನೀರು. ಶಿವಮೂರ್ತಪ್ಪ ಬಾಟ್ಲಿಯನ್ನು ಬೆಳಕಿಗೆ ತಿರುಗಿಸಿದ. ಭಾನುವಾರ ಸಂಜೆ ಪ್ರವಾಸಿ ಬಂಗ್ಲೆಯಲ್ಲಿ ಈ ಚೀಟಿಯ ಬಾಟ್ಲಿಯಿಂದಲೇ ಅವನಿಗೂ ಬಗ್ಗಿಸಿಕೊಟ್ಟಿದ್ದರು!

ಮ್ಯಾಂಗನೀಸ್ ಅದಿರು ಹುಡುಕಲು ಬಂದಿದ್ದ ಅಮೆರಿಕದ ಎಂಜಿನಿಯರ್ ಸಾಹೇಬ ಅಮಲ್ದಾರರನ್ನೂ ಇನ್ಸ್‌ಪೆಕ್ಟರನ್ನೂ ಊಟಕ್ಕೆ ಕರೆದಿದ್ದ. ಮನುಷ್ಯ ಮಾತುಗಾರ. ಪೆಟ್ಟಿಗೆ ತುಂಬ ವೈನು. "ಕ್ಯಾಲಿಫೋರ್ನಿಯಾದ್ದು ಎಲ್ಲರಿಗೂ ಗೊತ್ತು. ಇವು ಯಾರೂ ಕೇಳದ ಸೀಮೆಯವು" ಎನ್ನುತ್ತಾ ಒಂದೊಂದನ್ನೇ ತೆಗೆದ. ಒಹಾಯೋದಲ್ಲಿ ಕೆರೆಯ ನಡುವೆ ದ್ವೀಪಗಳಿವೆಯಂತೆ, ಅಲ್ಲಿಯದು ಗುಲಾಬಿ ಬಣ್ಣ, ಕಾಡುಹಣ್ಣಿನ ವಾಸನೆ. ನ್ಯೂಯಾರ್ಕಿನ ಉದ್ದುದ್ದ ಸರೋವರಗಳ ದಂಡೆಯದು ನಿಂಬೆಹಣ್ಣಿನ ಹುಳಿ. ಮಿಸೌರಿ ನದಿ ದಂಡೆಯದು ಕಡುಗೆಂಪು. ಅದು ಅವನ ಹುಟ್ಟೂರಿನದಂತೆ. "ನಮ್ಮ ದೇಶದವರಿಗೇ ಇದರ ಹೆಸರು ಗೊತ್ತಿಲ್ಲ. ಯಾರಾದರೂ ಒಬ್ಬರು ಕುಡಿದು ನೋಡಿ ಹೇಳಬೇಕು, ಅಷ್ಟೇ" ಎಂದಿದ್ದ. ಹುಟ್ಟಿದಾಗಿನಿಂದ ಮದ್ಯ ಮುಟ್ಟದ, ಕೊರಳಲ್ಲಿ ಲಿಂಗ ಕಟ್ಟಿದ ಶಿವಮೂರ್ತಪ್ಪ ದೊಡ್ಡವರ ಮಾತು ಮೀರಲಾರದೆ ಅರ್ಧ ಗ್ಲಾಸು ನುಂಗಿದ್ದ. ಉಳಿದರ್ಧವನ್ನು ಮೇಜಿನ ಕೆಳಗೆ ಕರವಸ್ತ್ರಕ್ಕೆ ಸುರುವಿಕೊಂಡಿದ್ದ. ಹೆಂಡತಿ ಶಿವಗಂಗಮ್ಮನ ಕಣ್ಣಿಗೆ ಬಿದ್ದೀತೆಂದು ಆ ಕರವಸ್ತ್ರ ಇನ್ನೂ ಠಾಣೆಯ ಡ್ರಾಯರಿನಲ್ಲೇ ಇತ್ತು.

"ಗಂಡನ ಹೆಸರು?"

"ಮಾರಪ್ಪ. ಅಡಿಕೆ ಬೇಯಿಸಾಕೆ ಹೋಗ್ತಿದ್ದ."

"ಬಾಟ್ಲಿ ಯಾರು ಕೊಟ್ರು?"

"ಸೋಮವಾರ ಚನ್ನಗಿರಿಗೆ ಬಂದಿದ್ದ. ಯಾರೋ ಸ್ನೇಹದ ಗೆಣೆಕಾರ ಕೊಟ್ಟ, ದೊರೆ ಕುಡಿಯೋ ವೈನು ಅಂದ. ಯಾರು ಅಂದ್ರೆ ಹೇಳಲಿಲ್ಲ. ಹೇಳಬ್ಯಾಡ ಅಂತ ಮಾತು ತಗಂಡಾನೆ ಅಂದ. ರಾತ್ರಿ ಕುಡಿದು ಮಲಗಿದ. ಬೆಳಿಗ್ಗೆ ಎದ್ದು, ದೀಪ ಹಚ್ಚೇ ಅಜ್ಜಮ್ಮ, ಕತ್ತಲೈತೆ ಅಂದ." ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. "ಹೊತ್ತು ಏರಿತ್ತು ಸ್ವಾಮಿ. ಮುಖದ ಮೇಲೇ ಬಿಸಿಲು ಬಿದ್ದಿತ್ತು."

ಕೊಲೆಯ ಕಲಮಿನಲ್ಲಿ ಎಫ್‌ಐಆರ್ ದಾಖಲಾಯಿತು. ಬಾಟ್ಲಿಗೆ ಪಂಚರ ಮುಂದೆ ಅರಗು ಹಾಕಿ ಮೊಹರು ಒತ್ತಿದರು. ಮುಚ್ಚುವ ಮುಂಚೆ ಶಿವಮೂರ್ತಪ್ಪ ಮೂಸಿ ನೋಡಿದ. ಗ್ಯಾಸ್‌ಲೈಟಿನ ಸ್ಪಿರಿಟ್ಟಿನ ಘಾಟು ಮೂಗಿಗೆ ಹೊಡೆಯಿತು. ಅದರಡಿಯಲ್ಲಿ ಬೇರೇನೋ ಒಂದು ಪರಿಚಯದ ವಾಸನೆ. ಏನೆಂದು ಹೊಳೆಯಲಿಲ್ಲ.

"ನೀನೂ ನೋಡೋ ಲಾಲ್‌ಸಾಬ್."

ದಫೇದಾರ ಲಾಲ್‌ಸಾಬ್ ಎರಡು ಹೆಜ್ಜೆ ಹಿಂದೆ ಸರಿದ. "ತೋಬಾ ತೋಬಾ. ನನ್ನ ಬಿಡ್ರಿ ಸಾಹೇಬ್ರೆ. ಮೂಸಿದ್ರೂ ಮನೇಲಿ ಹೆಂಡ್ತಿ ಹಜೀರಾ ಒಳಗೆ ಬಿಡಾಕಿಲ್ಲ."

ಬೇರೆ ದಿನವಾಗಿದ್ದರೆ ಶಿವಮೂರ್ತಪ್ಪ ನಗುತ್ತಿದ್ದ. ಅವನು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಓದಲು ನೋಡುತ್ತಿದ್ದ. ಓದಲು ಬಂತು. ಒಂದು ಕಣ್ಣು ಮುಚ್ಚಿ ಓದಿದ. ಆಮೇಲೆ ಇನ್ನೊಂದನ್ನು ಮುಚ್ಚಿ ಓದಿದ. ಡ್ರಾಯರಿನಿಂದ ಕರವಸ್ತ್ರ ತೆಗೆದು ಜೇಬಿಗೆ ತುರುಕಿಕೊಂಡ.

ಬಂಗ್ಲೆ ಖಾಲಿಯಾಗಿತ್ತು. ಸಾಹೇಬ ಸೋಮವಾರ ಬೆಳಿಗ್ಗೆಯೇ ಪೆಟ್ಟಿಗೆ ಕಟ್ಟಿಸಿ ಜಗಳೂರಿನ ಕ್ಯಾಂಪಿಗೆ ಹೋಗಿದ್ದ. ಬಂಗ್ಲೆಯ ಮೇಟಿ ಧರ್ಮಪ್ಪ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದ. ಇಪ್ಪತ್ತು ವರ್ಷದಿಂದ, ಮೊನ್ನೆ ಭಾನುವಾರವೂ, ಬಂದ ದೊರೆಗಳಿಗೆಲ್ಲ ಬೇಯಿಸಿ ಬಡಿಸಿದವನು. ಓದು ಬರದಿದ್ದರೂ ಅವರ ಮಾತು ತಿಳಿಯುತ್ತಿತ್ತು. ಇನ್ಸ್‌ಪೆಕ್ಟರ್ ಬಂದರೂ ಏಳಲಿಲ್ಲ.

"ಜ್ವರ ಸ್ವಾಮಿ, ಅದಕ್ಕೇ" ಎಂದಳು ಅವನ ಹೆಂಡತಿ ಗಾದ್ರಮ್ಮ.

"ಈ ಬಾಟ್ಲಿ ಗೊತ್ತಾ?"

"ಗೊತ್ತು ಸ್ವಾಮಿ. ದೊರೆಯದು." ಧರ್ಮಪ್ಪ ಇತ್ತ ತಿರುಗಿಯೂ ನೋಡಲಿಲ್ಲ.

"ಬಸವಾಪಟ್ಟಣದ ಮಾರಪ್ಪ ಇದನ್ನ ಕುಡಿದು ಸತ್ತ."

ಧರ್ಮಪ್ಪ ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. "ಸತ್ತನಾ?" ಎಂದ.

"ನಿನಗೆ ಗೊತ್ತಿದ್ದವನಾ?"

"ಕಂಡಿದ್ದೆ, ಸಂತೆಯಾಗೆ."

"ಖಾಲಿ ಬಾಟ್ಲಿ ಯಾರಿಗೆ ಹೋಗ್ತಾವೆ?"

"ನ್ಯಾಮತಿ ಜಹಾಂಗೀರನಿಗೆ. ಈ ಸಲಾನೂ ಅಷ್ಟೂ ಕೊಟ್ಟೆ."

"ಎಲ್ಲಿ ಇಡ್ತಿದ್ದೆ ತೋರಿಸು."

"ಲೇ ಗಾದ್ರಿ, ತೋರ್ಸು ಹೋಗು."

ಎಂಥಾ ಸೋಮಾರಿ ಅಂದುಕೊಂಡ ಶಿವಮೂರ್ತಪ್ಪ. ಗೂಡಿನಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಖಾಲಿ ಬಾಟ್ಲಿ ಮೇಟಿಯ ಹಕ್ಕು. ಅದು ಎಲ್ಲ ಬಂಗ್ಲೆಯ ಪದ್ಧತಿ, ತಪ್ಪೇನಿಲ್ಲ. ಜಹಾಂಗೀರ ತನಗೆ ಬಂದ ಬಾಟ್ಲಿಯಲ್ಲಿ ಏನಾದರೂ ತುಂಬಿಸಿ ಮಾರಿದನೋ? ಅಥವಾ ಸಾಹೇಬನ ವೈನೇ ಹಾಗೋ? ಎರಡನೆಯದನ್ನು ನೆನೆದು ಅವನ ಕೈ ಜೇಬಿನ ಕರವಸ್ತ್ರಕ್ಕೆ ಹೋಯಿತು.

ಹೊನ್ನಾಳಿಗೆ ಹೋಗುವ ಬಸ್ಸು ಇದ್ದಿಲಿನದು. ಯುದ್ಧ ಶುರುವಾದ ಮೇಲೆ ಪೆಟ್ರೋಲ್ ಕಂಡವರಿಲ್ಲ. ಏರು ಬಂದರೆ ಇಳಿದು ನೂಕಬೇಕು. ಆಸ್ಪತ್ರೆಯ ಡಾಕ್ಟರು ಹೆಣದ ತಪಾಸಣೆ ಮುಗಿಸಿ ಕೈ ತೊಳೆಯುತ್ತಿದ್ದರು.

"ಸ್ಪಿರಿಟ್. ಮರಕ್ಕೆ ಹಚ್ಚೋದು, ದೀಪಕ್ಕೆ ಹಾಕೋದು. ಮೊದಲು ಕಣ್ಣು ತಿಂತದೆ, ಆಮೇಲೆ ಜೀವ."

"ಕುಡಿದ ಎಷ್ಟು ಹೊತ್ತಿಗೆ?" ಶಿವಮೂರ್ತಪ್ಪನ ದನಿ ಅವನಿಗೇ ಬೇರೆಯವರದು ಅನಿಸಿತು.

"ಸಾಮಾನ್ಯ ಮಾರನೆ ದಿನ. ಸ್ವಲ್ಪ ಕುಡಿದೋರಿಗೆ ಮೂರು ನಾಲ್ಕು ದಿನ ಆದದ್ದೂ ಐತೆ. ಯಾಕ್ರೀ, ಮುಖ ಬಿಳಚಿಕೊಂಡೈತೆ?"

"ಬಸ್ಸಿನ ಹೊಗೆ" ಎಂದು ಹೊರಗೆ ಬಂದ. ಭಾನುವಾರ, ಸೋಮವಾರ, ಮಂಗಳವಾರ, ಇವತ್ತು. ಅಯ್ಯೋ ಶಿವನೇ! ಎದುರಿನ ಅಂಗಡಿಯ ಬೋರ್ಡು ಒಂಚೂರು ಮಬ್ಬಾಗಿ ಕಂಡಹಾಗಾಯಿತು. ಕಣ್ಣುಜ್ಜಿ ನೋಡಿದ, ಬೋರ್ಡಿಗೇ ಧೂಳು ಕೂತಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಎರಡೂ ಹೆಣ್ಣು ಮಕ್ಕಳ ಮುಖ ಕಣ್ಣ ಮುಂದೆ ಬಂತು. ಆ ಮುಖಗಳನ್ನು ನಾಳೆ ನೋಡುತ್ತೇನೋ ಇಲ್ಲವೋ ಎಂದು ನಿಂತಲ್ಲೇ ಬೆವೆತ. ಯಾರ ಹತ್ತಿರ ಹೇಳಿಕೊಳ್ಳುವುದು? ಲಾಲ್‌ಸಾಬನಿಗಂತೂ ಸಾಧ್ಯವಿಲ್ಲ.

ನ್ಯಾಮತಿಯಲ್ಲಿ ಜಹಾಂಗೀರ ಗೋಣಿಚೀಲಗಳ ನಡುವೆ ಕೂತು ಬಾಟ್ಲಿ ತೊಳೆಯುತ್ತಿದ್ದ. ಪೊಲೀಸರನ್ನು ಕಂಡು ಕೈಯಲ್ಲಿದ್ದದ್ದನ್ನು ಬೀಳಿಸಿ ಒಡೆದುಕೊಂಡ.

"ಯಾವುದರಾಗೆ ಏನು ತುಂಬ್ಸಿ ಮಾರ್ದೆ? ಬೊಗಳು" ಎಂದ ಲಾಲ್‌ಸಾಬ್.

"ಖುದಾ ಕಸಂ, ನಾನು ತೊಳೆದು ಎಣ್ಣೆ ಗಾಣದೋರಿಗೆ ಕೊಡೋನು. ನನ್ನ ಬಾಟ್ಲಿ ಎಲ್ಲಾ ಇಲ್ಲೇ ಅವೆ, ನೋಡ್ಕಳ್ರಿ."

ಒಹಾಯೋದ್ದಿತ್ತು. ಸರೋವರದ್ದಿತ್ತು. ನದಿಯ ಚೀಟಿಯದು ಒಂದೂ ಇರಲಿಲ್ಲ.

"ಆ ಕಡುಹಸಿರು ಬಾಟ್ಲಿ?"

"ಅದನ್ನೇ ನಾನೂ ಕೇಳ್ದೆ ಸಾಹೇಬ್ರೆ! ದಪ್ಪ ಗಾಜು, ಜೇನಿಗೆ ಭಾಳ ಚಲೋ. ಸೋಮವಾರ ನಸುಕಿಗೇ ಹೋಗಿದ್ದೆ, ಧರ್ಮಣ್ಣ ಎರಡನ್ನೂ ಕೊಡಲಿಲ್ಲ. ಇಷ್ಟು ವರ್ಷದಾಗೆ ಒಂದೇ ಒಂದು ಬಾಟ್ಲಿ ಇಟ್ಕಂಡೋನಲ್ಲ. ಇವು ನಂಗೆ ಬೇಕಾಗೈತೆ ಅಂದ."

ಶಿವಮೂರ್ತಪ್ಪ ಲಾಲ್‌ಸಾಬನ ಮುಖ ನೋಡಿದ. ಧರ್ಮಪ್ಪ ಸುಳ್ಳು ಹೇಳಿದ್ದ. ಇಟ್ಟುಕೊಂಡ ಎರಡರಲ್ಲಿ ಒಂದು ಮಾರಪ್ಪನ ಮನೆಗೆ ಹೋಗಿದೆ. ಇನ್ನೊಂದು?

"ಗೂಡಿನಾಗಂತೂ ಇರಲಿಲ್ಲ" ಎಂದ ಲಾಲ್‌ಸಾಬ್. "ಬಂಗ್ಲೆಯಿಂದ ಆಚೆ ಹೋದದ್ದು ಅಂದ್ರೆ ದೊರೆ ಪೆಟ್ಟಿಗೆ ಒಂದೇ. ಕಟ್ಟಿದೋನೂ ಧರ್ಮಪ್ಪನೇ."

ಶಿವಮೂರ್ತಪ್ಪ ಅಂಚೆ ಕಚೇರಿಗೆ ಓಡಿದ. ಓಡಿದ ಅಂದರೆ ಓಡಿಯೇ ಹೋದ, ಟೋಪಿ ಬಿದ್ದದ್ದೂ ಗೊತ್ತಾಗಲಿಲ್ಲ. ಕೆಂಪು ವೈನು ಮುಟ್ಟಬೇಡಿ ಎಂದು ಜಗಳೂರಿಗೆ ತಂತಿ ಕೊಟ್ಟ. ಪರದೇಶದ ಮನುಷ್ಯ, ಯುದ್ಧದ ಕೆಲಸಕ್ಕೆ ಬಂದವನು. ಅವನು ಸತ್ತರೆ ಮಿಲಿಟರಿಯವರು ಬಂದು ಚನ್ನಗಿರಿಯನ್ನೇ ಜಾಲಾಡುತ್ತಾರೆ. ಆದರೆ ಅವನ ಕಾಲನ್ನು ಓಡಿಸಿದ್ದು ಅದಲ್ಲ. ಕುರುಡನಾಗುವ ಭಯ ಏನೆಂದು ಬೆಳಗಿನಿಂದ ಅವನಿಗೆ ಗೊತ್ತಾಗಿತ್ತು.

ಗುರುವಾರ ಮಧ್ಯಾಹ್ನ ಜಗಳೂರಿನ ಕ್ಯಾಂಪು ಮುಟ್ಟಿದರೆ ತಂತಿಯ ಲಕೋಟೆ ಒಡೆಯದೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಬಿದ್ದಿತ್ತು. ಸಾಹೇಬ ಗುಡ್ಡದಿಂದ ಆಗತಾನೇ ಇಳಿದು ಬಂದಿದ್ದ. ಡೇರೆಯೊಳಗೆ ಮೇಜಿನ ಮೇಲೆ ನದಿಯ ಚೀಟಿಯ ಬಾಟ್ಲಿ. ಬಿರಡೆ ತೆಗೆದಿತ್ತು. ಪಕ್ಕದಲ್ಲಿ ಗ್ಲಾಸು, ಗ್ಲಾಸಿನಲ್ಲಿ ಕೆಂಪು.

"ಕುಡಿದಿರಾ?" ಶಿವಮೂರ್ತಪ್ಪ ಕೂಗಿಯೇಬಿಟ್ಟ.

ಸಾಹೇಬ ಬೆಚ್ಚಿದ. "ಇಲ್ಲ. ತಮಾಷೆ ನೋಡಿ ಇನ್ಸ್‌ಪೆಕ್ಟರ್. ಮಿಸೌರಿಯದು ಎರಡೇ ಇದ್ದದ್ದು, ನಾವೇ ಅವತ್ತು ಮುಗಿಸಿದೆವು. ಇವತ್ತು ಪೆಟ್ಟಿಗೆ ತೆಗೆದರೆ ಒಂದು ತುಂಬಿಕೊಂಡು ಕೂತಿದೆ! ಬಣ್ಣ ಬಹಳ ಚೆನ್ನಾಗಿದೆ, ಇದು ಯಾವ ಸೀಮೆಯದಪ್ಪಾ ಅಂದುಕೊಂಡೆ. ಮೂಗಿಗೆ ಹಿಡಿದಾಗ ದೀಪದ ಸ್ಪಿರಿಟ್ ಹೊಡೆಯಿತು. ಕೆಳಗಿಟ್ಟೆ."

ಶಿವಮೂರ್ತಪ್ಪ ಕುರ್ಚಿಯಲ್ಲಿ ಕುಸಿದ. ಲಾಲ್‌ಸಾಬ್ ಎಲೆ ಅಡಿಕೆಯ ಚೀಲ ಮುಂದೆ ಹಿಡಿದ. ಎಲೆಗೆ ಸುಣ್ಣ ಹಚ್ಚುವಾಗ ಇನ್ಸ್‌ಪೆಕ್ಟರ ಬೆರಳಿಗೆಲ್ಲ ಸುಣ್ಣ ಮೆತ್ತಿತು. ಸಾಹೇಬ ಅಷ್ಟರಲ್ಲಿ ಬಿಳಿ ಸಾಸರಿಗೆ ಒಂದಿಷ್ಟು ಬಗ್ಗಿಸಿ ಅವನ ಮುಂದೆ ದೂಡಿದ್ದ. ಮೂಸಲೆಂದು ಶಿವಮೂರ್ತಪ್ಪ ಅದೇ ಬೆರಳನ್ನು ಅದ್ದಿದ. ಬೆರಳ ಸುತ್ತ ಸಾಸರು ರಕ್ತಗೆಂಪಾಯಿತು.

ಮೂವರೂ ಅದನ್ನೇ ನೋಡಿದರು. ಸುಣ್ಣ ಬಿದ್ದರೆ ಹೀಗೆ ಕೆಂಪೇರುವುದು ಒಂದೇ, ಚನ್ನಗಿರಿ ಸೀಮೆಯ ಹಾಲುಗಲ್ಲದ ಕೂಸಿಗೂ ಗೊತ್ತು.

"ಚೊಗರು ಕಣ್ರೀ ಇದು!" ಲಾಲ್‌ಸಾಬನ ಕಣ್ಣು ಅರಳಿತು. "ಅಡಿಕೆ ಬೇಯಿಸಿದ ನೀರು. ಮಾರಪ್ಪನ ಹಂಡೇದು."

ಪರಿಚಯದ ವಾಸನೆ ಅದೇ ಆಗಿತ್ತು. ಆದರೆ ಶಿವಮೂರ್ತಪ್ಪನ ತಲೆ ಆಗಲೇ ಬೇರೆ ಕಡೆ ಓಡಿತ್ತು. ಭಾನುವಾರ ತಾನು ಕುಡಿದದ್ದು ಯಾವುದು? ಜೇಬಿನಿಂದ ಕರವಸ್ತ್ರ ತೆಗೆದ. ಲಾಲ್‌ಸಾಬ್ ನೋಡುತ್ತಿದ್ದಾನೆ, ನೋಡಲಿ, ಹಾಳಾಗಿ ಹೋಗಲಿ. ಒಣಗಿದ ಕಲೆಗೆ ನೀರು ಚಿಮುಕಿಸಿ ಸುಣ್ಣದ ಬೆರಳು ಒತ್ತಿದ.

ಕಲೆ ಕೆಂಪೇರಲಿಲ್ಲ. ಮೊದಲು ನೀಲಿಯಾಯಿತು, ಆಮೇಲೆ ಹಸಿರಿಗೆ ತಿರುಗಿತು.

"ನಿಜವಾದ ದ್ರಾಕ್ಷಿ" ಎಂದ ಸಾಹೇಬ.

ಶಿವಮೂರ್ತಪ್ಪ ಕರವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟ. ಸಮವಸ್ತ್ರ ಹಾಕಿಕೊಂಡವನು ಪರದೇಶದವನ ಮುಂದೆ ಅಳುವುದೆಂದರೇನು? ಅತ್ತ, ಅಷ್ಟೇ. ಲಾಲ್‌ಸಾಬ್ ಡೇರೆಯ ಹೊರಗೆ ಹೋಗಿ ಆಕಾಶ ನೋಡುತ್ತಾ ನಿಂತ. ವಾಪಸು ಬಸ್ಸಿನಲ್ಲಿ, "ನಾನೇನೂ ನೋಡಲಿಲ್ಲ ಬಿಡ್ರಿ. ನಿಮ್ಮನೆ ಅಕ್ಕನೋರಿಗಂತೂ ಹೇಳಾಕಿಲ್ಲ" ಎಂದ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಪಂಚರೊಂದಿಗೆ ಬಂಗ್ಲೆಯ ಹಿತ್ತಲಿಗೆ ಹೋದರು. ಒಲೆಯ ಹಿಂದೆ ಚೊಗರಿನ ಮಡಕೆ, ಬೆಲ್ಲದ ಉಂಡೆ, ಗ್ಯಾಸ್‌ಲೈಟ್ ಹಚ್ಚುವ ಸ್ಪಿರಿಟ್ಟಿನ ಡಬ್ಬ ಸಿಕ್ಕವು. ಡಬ್ಬದ ಮೇಲೆ ವಿಷ ಎಂದು ಬರೆದಿತ್ತು, ಇಂಗ್ಲಿಷಿನಲ್ಲಿ. ಧರ್ಮಪ್ಪ ಬೂಟಿನ ಸಪ್ಪಳ ಕೇಳಿ ತಾನಾಗಿಯೇ ಎದ್ದ. ಬೇಡಿಗೆಂದು ಎರಡೂ ಕೈ ಚಾಚಿದ. ಪೊಲೀಸರು ನಿಂತದ್ದು ಬಲಗಡೆ. ಅವನು ಕೈ ಚಾಚಿದ್ದು ಗೋಡೆಯ ಕಡೆ.

ಶಿವಮೂರ್ತಪ್ಪನಿಗೆ ಧರ್ಮಪ್ಪ ಬುಧವಾರ ಬಿಸಿಲಿಗೆ ಮುಖ ಕೊಟ್ಟು ಕೂತದ್ದು, ತಿರುಗಿ ನೋಡದ್ದು, ಹೆಂಡತಿಯನ್ನು ಕಳಿಸಿದ್ದು ಎಲ್ಲ ಒಟ್ಟಿಗೆ ಅರ್ಥವಾಯಿತು.

"ನೀನೂ ಕುಡಿದೆಯೇನೋ?"

"ಮಾಡಿದೋನು ರುಚಿ ನೋಡದೆ ಇನ್ನೊಬ್ರಿಗೆ ಕೊಡಾಕಾಗುತ್ತಾ ಸ್ವಾಮಿ? ಎರಡು ಗುಟುಕು. ಮಂಗಳವಾರದಿಂದ ಬರೀ ಮಂಜು. ಈಗ ಅದೂ ಇಲ್ಲ."

"ಕೊಲ್ಲಬೇಕು ಅಂತ ಮಾಡಿದ್ಯಾ?"

"ಮಾರ ನನ್ನ ಗೆಣೆಕಾರ. ಹೋದ ವಾರ ಚೊಗರು ತಂದುಕೊಟ್ಟೋನೇ ಅವನು. ದೊರೆಗೆ ಕುಡಿಯೋ ಮುಂಚೆ ಗೊತ್ತಾಗಬಾರ್ದು, ಯಾರಿಗೂ ಹೇಳಬ್ಯಾಡ ಅಂದಿದ್ದೆ." ಅವನು ಗೋಡೆಗೇ ಮಾತಾಡುತ್ತಿದ್ದ. "ದೊರೆ ಅಂದ್ರಲ್ಲ, ಯಾರೂ ಕೇಳದ ಸೀಮೇದು, ಒಬ್ರು ಕುಡಿದು ನೋಡಿ ಹೇಳಬೇಕು ಅಷ್ಟೇ ಅಂತ. ನಮ್ಮ ಸೀಮೇದೂ ಒಂದು ಇರ್ಲಿ ಅನ್ನಿಸ್ತು. ಇಪ್ಪತ್ತು ವರ್ಷ ಅವರವರ ದೇಶದ್ದು ಬಡಿಸಿದೆ. ನಿಮ್ಮೂರಿಂದು ಏನೈತೆ ಅಂತ ಒಬ್ರೂ ಕೇಳಲಿಲ್ಲ. ಆ ಡಬ್ಬದ್ದು ಸಾರಾಯಿಗಿಂತ ಖಡಕ್ಕು ಅಂತ ತಿಳ್ದೆ."

"ಸಾಹೇಬರ ಪೆಟ್ಟಿಗೇಲಿ ಇಟ್ಟದ್ದನ್ನ ಬುಧವಾರ ಯಾಕೆ ಬಾಯಿ ಬಿಡಲಿಲ್ಲ?"

"ಹೆದರಿದೆ ಸ್ವಾಮಿ. ಗಲ್ಲು ಹಾಕ್ತಾರೆ ಅಂತ ಹೆದರಿದೆ." ಧರ್ಮಪ್ಪ ತಡವರಿಸಿ ಇನ್ಸ್‌ಪೆಕ್ಟರ ತೋಳು ಹಿಡಿದ. "ದೊರೆ ಕುಡಿದ್ರಾ?"

"ಇಲ್ಲ. ಮೂಸಿ ಕೆಳಗಿಟ್ರು."

ಧರ್ಮಪ್ಪ ಉಸಿರು ಬಿಟ್ಟ. ತೋಳು ಮಾತ್ರ ಬಿಡಲಿಲ್ಲ. ಇನ್ನೂ ಏನೋ ಕೇಳಬೇಕೆಂದು ಅವನ ತುಟಿ ಅಲುಗುತ್ತಿತ್ತು, ಕೇಳಲು ನಾಚಿಕೆ. ಅದು ಏನೆಂದು ಶಿವಮೂರ್ತಪ್ಪನಿಗೆ ತಿಳಿಯಿತು.

"ಬಣ್ಣ ಬಹಳ ಚೆನ್ನಾಗೈತೆ ಅಂದ್ರು. ಯಾವ ಸೀಮೆಯದು ಅಂತ ಕೇಳಿದ್ರು."

ಧರ್ಮಪ್ಪ ಅಲ್ಲೇ ನೆಲದ ಮೇಲೆ ಕೂತು ಮಾರಪ್ಪನ ಹೆಸರು ಹಿಡಿದು ಅಳತೊಡಗಿದ. ಗಾದ್ರಮ್ಮ ಬಂದು ಅವನ ತಲೆ ಹಿಡಿದುಕೊಂಡಳು.

ಶಿವಮೂರ್ತಪ್ಪ ಕೊಲೆಯ ಕಲಮಿನ ಬದಲು ಅಜಾಗರೂಕತೆಯಿಂದಾದ ಸಾವು ಎಂದು ತನ್ನ ಕೈಯಾರೆ ಬರೆದ. ಪಂಚನಾಮೆ ಓದಿ ಹೇಳಿದ್ದಾಯಿತು. ಪಂಚರು ರುಜು ಹಾಕಿದರು. ಧರ್ಮಪ್ಪನ ಹೆಬ್ಬೆಟ್ಟು ಬೇಕಿತ್ತು. ಅವನು ಬೆರಳು ಚಾಚಿ ಗಾಳಿಯಲ್ಲಿ ಹುಡುಕುತ್ತಿದ್ದ. ಶಿವಮೂರ್ತಪ್ಪ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಮಸಿಗೆ ಒತ್ತಿ, ಕಾಗದದ ಮೇಲೆ ಎಲ್ಲಿ ಇಡಬೇಕೋ ಅಲ್ಲಿ ಇಟ್ಟ.