ಮಾತಿನ ರೋಜಾ

“ಸಿಸ್ಟರಮ್ಮಾ! ಸಿಸ್ಟರಮ್ಮಾ!”

ಕಾನ್ವೆಂಟಿನ ಕಬ್ಬಿಣದ ಗೇಟು ಕಿರ್ರ್ ಎಂದು ಕಿರುಚಿತು. ಅದಕ್ಕಿಂತ ಜೋರಾಗಿ ಮಹಬೂಬಿ ಕಿರುಚಿದಳು.

ಬೇವಿನ ಮರದ ಕೆಳಗೆ ನಾಲ್ವರು ಸಿಸ್ಟರುಗಳು ಜಪಮಾಲೆ ಹಿಡಿದು ನಿಧಾನವಾಗಿ ನಡೆಯುತ್ತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಸಿಸ್ಟರ್ ಲೀಡ್ವಿನ್ ಮಾತ್ರ ತಲೆಯೆತ್ತಿ ನೋಡಿದರು. ತುಟಿಯ ಮೇಲೆ ಬೆರಳಿಟ್ಟರು. ‘ನಾಳೆ ಬಾ’ ಎನ್ನುವಂತೆ ಕೈಯಾಡಿಸಿ, ಉಳಿದವರ ಹಿಂದೆ ಒಳಗೆ ಹೋಗಿಬಿಟ್ಟರು.

ಅವರದೂ ತಪ್ಪಿಲ್ಲ ಬಿಡಿ. ದೇವದುರ್ಗದಲ್ಲಿ ಮಹಬೂಬಿಯ ಗಂಟಲು ಯಾರಿಗೆ ಗೊತ್ತಿಲ್ಲ? ಬೆಕ್ಕು ಮರಿ ಹಾಕಿದರೂ ಓಡಿ ಬರುತ್ತಾಳೆ, ಹಲ್ಲು ಬಿದ್ದರೂ ಓಡಿ ಬರುತ್ತಾಳೆ. ಸ್ಕೂಲಿನಲ್ಲಿ ರಾಮಲಿಂಗಪ್ಪ ಮಾಸ್ತರು ಅವಳಿಗೆ ‘ರೇಡಿಯೋ’ ಎಂದು ಹೆಸರಿಟ್ಟಿದ್ದರು.

ಆದರೆ ಇವತ್ತು ಬೆಕ್ಕಿನ ಸುದ್ದಿಯಲ್ಲ. ಮನೆಯಲ್ಲಿ ಅಮ್ಮಿ ಜೈಬುನ್ನೀಸಾಗೆ ಹೆರಿಗೆ ನೋವು ಶುರುವಾಗಿತ್ತು. ಅಬ್ಬಾ ನಬೀಸಾಬ್ ಬಳೆ ಮಾರಲು ಮಾನ್ವಿ ಸಂತೆಗೆ ಹೋಗಿದ್ದರು. “ದೌಡ್ ಬೇಟಿ, ಸಿಸ್ಟರಮ್ಮನ್ನ ಕರ್ಕೊಂಡು ಬಾ!” ಎಂದು ದಾದಿ, ಅಬ್ಬಾನ ತಾಯಿ ಇಮಾಮ್ ಬೀ, ಅವಳನ್ನು ಓಡಿಸಿದ್ದಳು. ಹೆರಿಗೆಗೆ ಇನ್ನೂ ಎರಡು ವಾರ ಇದೆ ಎಂದು ನರ್ಸ್ ಕೆಲಸವನ್ನೂ ಬಲ್ಲ ಸಿಸ್ಟರ್ ಲೀಡ್ವಿನ್ ತಾವೇ ಹೇಳಿದ್ದರು. ಹೊಟ್ಟೆಯೊಳಗಿನ ಕೂಸು ವಾರ ಎಣಿಸುತ್ತದೆಯೇ?

ಅದನ್ನು ಮಹಬೂಬಿ ಹೇಳಬೇಕಿತ್ತು ತಾನೇ? ಹೇಳಲಿಲ್ಲ. ಊರೆಲ್ಲ ಮಾತಾಡುವ ಹುಡುಗಿಗೆ ಬೇಕಾದಾಗಲೇ ಒಂದು ಮಾತೂ ಬರಲಿಲ್ಲ!

ಯಾಕೆಂದರೆ ನಿನ್ನೆಯದು ನೆನಪಾಯಿತು. ನಿನ್ನೆ ಹೊಲಿಗೆ ಕ್ಲಾಸಿನಲ್ಲಿ ಮಹಬೂಬಿ ಓಢಣಿಯನ್ನು ತಲೆಗೆ ಬಿಗಿದುಕೊಂಡು ಸಿಸ್ಟರ್ ಲೀಡ್ವಿನ್ ಆಗಿದ್ದಳು. ಸಿಸ್ಟರು ಮಂಗಳೂರಿನ ಕಡೆಯವರು. ಪಾಠ ಓದಿದಂತೆ ಕನ್ನಡ ಮಾತಾಡುತ್ತಾರೆ. “ಮಕ್ಕಳೇ, ಸೂಜಿಯನ್ನು ಜಾಗ್ರತೆಯಾಗಿ ಹಿಡಿದುಕೊಳ್ಳಿರಿ!” ಎಂದು ಇವಳು ಮೂಗಿನಲ್ಲಿ ರಾಗ ಎಳೆದು ಹೇಳಿದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ಸಿಸ್ಟರು! ಅವರು ಏನೂ ಅನ್ನದೆ ಒಳಗೆ ಹೋಗಿದ್ದರು.

‘ಸಿಟ್ಟಾಗ್ಯಾರ. ಅದಕ್ಕ ಮಾತಾಡವಲ್ರು’ ಅಂದುಕೊಂಡಳು ಮಹಬೂಬಿ.

ಅಲ್ಲಿಂದ ಸೂಲಗಿತ್ತಿ ಜಂಬಮ್ಮನ ಮನೆಗೆ ಓಡಿದಳು. ಬಾಗಿಲಿಗೆ ಬೀಗ. “ಆಕಿ ಮಗಳ ಊರಿಗಿ ಹೋಗ್ಯಾಳ, ಕಲ್ಲೂರಿಗಿ” ಎಂದರು ಪಕ್ಕದ ಮನೆಯವರು. ರಾಯಚೂರಿನ ದೊಡ್ಡಾಸ್ಪತ್ರೆಗೆ ಹೋಗೋಣವೆಂದರೆ ಮಧ್ಯಾಹ್ನದ ಬಸ್ಸೂ ಹೋಗಿಯಾಗಿತ್ತು.

ಮಹಬೂಬಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮನೆ ಕಡೆ ಸ್ವಲ್ಪ ಓಡಿದಳು. ಬರಿಗೈಲಿ ಹೋಗಿ ಏನು ಮಾಡುವುದು? ಮತ್ತೆ ತಿರುಗಿದಳು. ಹೋದ ಸಲ ಅಮ್ಮಿಗೆ ಹುಟ್ಟಿದ ತಮ್ಮ ಅಳಲೇ ಇಲ್ಲ. ಅವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಬ್ಬಾ ಎತ್ತಿಕೊಂಡು ಹೋಗಿದ್ದರು. ಆಮೇಲೆ ಎಷ್ಟೋ ದಿನ ಅಮ್ಮಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅದು ನೆನಪಾದದ್ದೇ ಮಹಬೂಬಿಯ ಕಾಲು ತಾನಾಗಿಯೇ ಕಾನ್ವೆಂಟಿನ ದಾರಿ ಹಿಡಿಯಿತು.

ಗೇಟಿನ ಹತ್ತಿರ ಅಡುಗೆಯ ಭೀಮವ್ವ ನೀರಿನ ಕೊಡ ಇಳಿಸುತ್ತಿದ್ದಳು. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಎಲ್ಲದಕ್ಕೂ ಹೆದರುತ್ತಿದ್ದಳು.

“ಭೀಮವ್ವಾ, ನಮ್ಮ ಅಮ್ಮಿಗಿ ಬ್ಯಾನಿ ಎದ್ದಾವ! ಸಿಸ್ಟರಮ್ಮ ನನ್ ಜೋಡಿ ಮಾತಾಡವಲ್ರು!”

“ನಿನ್ ಜೋಡಿ ಅಷ್ಟ ಅಲ್ಲವ್ವಾ. ಇವತ್ತ ಅವರು ಯಾರ್ ಜೋಡೀನೂ ಮಾತಾಡಂಗಿಲ್ಲ. ತಿಂಗಳಿಗೊಂದ್ ದಿನ ಹಿಂಗಂತ. ಮುಂಜಾನಿಂದ ರಾತ್ರಿತನ ಬಾಯಿ ಮುಚ್ಚಿ ದೇವರ ಧ್ಯಾನ ಮಾಡ್ತಾರ.”

“ಸಿಟ್ಟಲ್ಲೇನು?”

“ಸಿಟ್ಟ್ಯಾಕ? ಮೌನ ಅದು.”

“ಹಂಗಾರ ಲಗೂ ಹೋಗಿ ಹೇಳು!”

“ಅಯ್ಯ ಶಿವನ! ನಾ ಹೆಂಗ ಹೇಳ್ಲಿ? ಎಲ್ಲಾರೂ ಪ್ರಾರ್ಥನಿಗಿ ಕುಂತಾರ. ಮೌನ ಮುರಿಸಿದ್ರ ಪಾಪ ಯಾರಿಗಿ ಹತ್ತತದೋ ಏನೋ! ಗಂಟಿ ಆಗ್ಲಿ, ತಡಿ. ಹೊರಗ ಬಂದಕೂಡ್ಲೆ ಹೇಳ್ತೀನಿ.”

ತಡೆಯಬೇಕಂತೆ! ಮಹಬೂಬಿ ಗೇಟಿನ ಸರಳು ಹಿಡಿದಳು, ಬಿಟ್ಟಳು. ಓಢಣಿಯ ಅಂಚು ಕಚ್ಚಿದಳು. ಮತ್ತೆ ಸರಳು ಹಿಡಿದಳು.

ಮೌನ ಅಂದರೆ ರೋಜಾ ಇದ್ದಂಗೇ, ಎನ್ನಿಸಿತು ಅವಳಿಗೆ. ರಂಜಾನಿನ ಉಪವಾಸದಲ್ಲಿ ಊಟ ನೀರು ಬಿಡುವ ಹಾಗೆ ಇವರು ಮಾತು ಬಿಡುತ್ತಾರೆ. ಒಬ್ಬರ ರೋಜಾ ಮುರಿಸುವುದು ಕೆಟ್ಟದ್ದು, ಅದು ಅವಳಿಗೆ ಗೊತ್ತು. ಆದರೆ ಈ ಸಲದ ರಂಜಾನಿನಲ್ಲಿ ದಾದಿ ಅಮ್ಮಿಗೆ ಏನು ಹೇಳಿದ್ದಳು? “ಬಸುರಿಗಿ ಮಾಫ್ ಅದ ಬೇಟಿ. ನೀ ಉಣ್ಣು. ರೋಜಾ ಆಮ್ಯಾಲ ಹಿಡದ್ರಾತು. ಅಲ್ಲಾಗ ತಿಳಿಯಂಗಿಲ್ಲೇನು?”

ಅಲ್ಲಾಹನಿಗೆ ತಿಳಿಯುತ್ತದೆ ಅಂದಮೇಲೆ ಸಿಸ್ಟರಮ್ಮನ ದೇವರಿಗೂ ತಿಳಿಯಲೇಬೇಕು. ಮಹಬೂಬಿ ಚಪ್ಪಲಿ ಬಿಟ್ಟು ಒಳಗೆ ನುಗ್ಗಿದಳು. “ಏ ಹುಡುಗೀ!” ಎಂದು ಭೀಮವ್ವ ಹಿಂದಿನಿಂದ ಪಿಸುಗುಟ್ಟಿದಳು.

ಪ್ರಾರ್ಥನೆಯ ಕೋಣೆ ತಣ್ಣಗಿತ್ತು. ಒಂದು ಕೆಂಪು ದೀಪ ಉರಿಯುತ್ತಿತ್ತು. ಸಿಸ್ಟರುಗಳು ಮೊಣಕಾಲೂರಿ ಕಣ್ಣು ಮುಚ್ಚಿದ್ದರು. ಮಹಬೂಬಿ ಸಿಸ್ಟರ್ ಲೀಡ್ವಿನ್ ಅವರ ತೋಳು ಹಿಡಿದು ಎಳೆದಳು. ಉಳಿದವರ ಮೌನ ಕೆಡದಿರಲೆಂದು ಬಾಯಿ ಮಾತ್ರ ಬಿಡಲಿಲ್ಲ. ಎರಡೂ ಕೈಯಿಂದ ದೊಡ್ಡ ಹೊಟ್ಟೆ ತೋರಿಸಿದಳು. ಹೊಟ್ಟೆ ಹಿಡಿದು ಬಗ್ಗಿದಳು, ಮುಖ ಕಿವುಚಿದಳು. ಮನೆ ಕಡೆ ಕೈ ತೋರಿಸಿದಳು. ಕಣ್ಣಿಂದ ನೀರು ದಳದಳ ಸುರಿಯಿತು.

“ಯಾವಾಗಿನಿಂದ?” ಎಂದರು ಸಿಸ್ಟರು.

ಗಟ್ಟಿಯಾಗಿಯೇ ಕೇಳಿದರು. ಅಷ್ಟು ನಿಶ್ಶಬ್ದದ ಕೋಣೆಯಲ್ಲಿ ಆ ಒಂದು ಮಾತು ಗೋಡೆಗೆ ಬಡಿದು ವಾಪಸು ಬಂತು. ಉಳಿದವರೂ ಕಣ್ಣು ಬಿಟ್ಟರು. ಎಲ್ಲರಿಗಿಂತ ವಯಸ್ಸಾದ ಸಿಸ್ಟರು ಏನೂ ಕೇಳದೆ ಎದ್ದು ಹೋಗಿ ಔಷಧಿಯ ಬ್ಯಾಗು ತಂದು ಕೊಟ್ಟರು.

ಇಬ್ಬರೂ ಓಡಿದರು. ಸಿಸ್ಟರ ಬಿಳಿ ಸೀರೆಗೆ ಬಜಾರಿನ ಕೆಂಪು ಧೂಳು ಹತ್ತಿತು.

“ನಿಮ್ಮ ಮಾತಿನ ರೋಜಾ ಮುರೀತ್ರೀ” ಎಂದು ಮಹಬೂಬಿ ಬಿಕ್ಕಿದಳು.

“ಮುರಿಯಲಿ ಬಿಡು. ಆಗಲೇ ಬಂದಿದ್ದೆಯಲ್ಲ, ಏಕೆ ಹೇಳಲಿಲ್ಲ?”

“ನೀವು ಸಿಟ್ಟಾಗೀರಿ ಅಂತ...”

“ಸಿಟ್ಟೇ? ನನಗೇಕೆ ಸಿಟ್ಟು?” ಸಿಸ್ಟರು ಏದುಸಿರು ಬಿಡುತ್ತ ಹೇಳಿದರು. “ನಾನೂ ಕೇಳಬೇಕಿತ್ತು ಮಗೂ. ನನ್ನದೂ ತಪ್ಪು.”

ಅಷ್ಟರಲ್ಲಿ ಮನೆ ಬಂತು. ಸಿಸ್ಟರು ಸೆರಗು ಸಿಕ್ಕಿಸಿ ಒಳಗೆ ಹೋದರು. ಬಾಗಿಲಿಗೆ ಪರದೆ ಬಿತ್ತು. ಮಹಬೂಬಿ ಹೊರಗೆ ಉಳಿದಳು.

ಕುಳಿತಳು. ಎದ್ದಳು. ಬಿಸಿನೀರು ಕೊಟ್ಟಳು. ಒಲೆಯ ಮುಂದಿನ ಕಟ್ಟಿಗೆಯನ್ನು ಸುಮ್ಮನೆ ಮುಂದಕ್ಕೆ ತಳ್ಳಿದಳು, ಹಿಂದಕ್ಕೆ ಎಳೆದಳು. ಒಳಗಿನಿಂದ ಅಮ್ಮಿಯ ನರಳಾಟ, ದಾದಿಯ ದುವಾ, ಸಿಸ್ಟರ ಪಾಠದಂಥ ಕನ್ನಡ, ಮೂರೂ ಕೇಳುತ್ತಿದ್ದವು. “ಇನ್ನೊಂದು ಸಲ ಜೈಬುನ್ನೀಸಾ, ಉಸಿರು ಹಿಡಿಯಿರಿ, ಇನ್ನೊಂದೇ ಸಲ...”

ಆಮೇಲೆ ಎಲ್ಲವೂ ನಿಂತುಹೋಯಿತು.

ನರಳಾಟವೂ ಇಲ್ಲ, ಅಳುವೂ ಇಲ್ಲ. ಹೋದ ಸಲವೂ ಹೀಗೇ ಆಗಿತ್ತು. ಮಹಬೂಬಿ ಎರಡೂ ಕೈಯಿಂದ ಪರದೆ ಹಿಡಿದುಕೊಂಡಳು. ಎಳೆಯಲು ಧೈರ್ಯ ಬರಲಿಲ್ಲ.

ಚಟ್, ಚಟ್ ಎಂದು ಪುಟ್ಟ ಅಂಗಾಲಿಗೆ ತಟ್ಟುವ ಸದ್ದು. “ಅಳು ಕಂದಾ, ಅಳು” ಎಂದರು ಸಿಸ್ಟರು. ಮತ್ತೆ ತಟ್ಟಿದರು. “ಅಳು... ಅಯ್ಯೋ, ಅಳು ಬೇ! ಬಾಯಿ ಬಿಡು ಬೇ!”

ಪಾಠದ ಕನ್ನಡ ಎಲ್ಲಿ ಹೋಯಿತೋ!

ಕುಂಯ್ ಎಂದಿತು ಏನೋ. ಮತ್ತೊಮ್ಮೆ ಕುಂಯ್. ಆಮೇಲೆ ಶುರುವಾಯಿತು ನೋಡಿ, ಓಣಿ ಹಾರಿಹೋಗುವಂಥ ಅಳು!

“ಯಾ ಅಲ್ಲಾ!” ಎಂದು ದಾದಿ ಅತ್ತಳು. “ಇದೂ ಅಕ್ಕನಂಗ ರೇಡಿಯೋನ ಅದ!” ಎಂದು ನಕ್ಕಳು. ಮಹಬೂಬಿ ಒಲೆಯ ಪಕ್ಕ ಕುಸಿದು ಕುಳಿತು ಜೋರಾಗಿ ಅತ್ತುಬಿಟ್ಟಳು.

ಹೊತ್ತು ಮುಳುಗುವ ಹೊತ್ತಿಗೆ ಸಿಸ್ಟರು ಕೈ ತೊಳೆದುಕೊಂಡರು. ಅಮ್ಮಿಗೆ ಕೊಡಬೇಕಾದ ಮಾತ್ರೆ ದಾದಿಗೆ ತಿಳಿಸಿ ಹೇಳಿದರು. ಹೊಸಿಲು ದಾಟಿದ ಮೇಲೆ ಅವರ ಕೈಗೆ ಜಪಮಾಲೆ ಬಂತು. ತುಟಿ ಮುಚ್ಚಿತು.

ಬ್ಯಾಗು ಹಿಡಿದು ಜೊತೆಗೆ ಹೊರಟಿದ್ದ ಮಹಬೂಬಿ ಅದನ್ನು ನೋಡಿದಳು. ಅವಳ ಹೊಟ್ಟೆಯಲ್ಲಿ ಮಾತು ಕುದಿಯುತ್ತಿತ್ತು. ತಂಗಿಯ ಮೂಗು ದಾದಿಯ ಮೂಗಿನಂತೆ ಇರುವುದು ಹೇಳಬೇಕಿತ್ತು. ನಿನ್ನೆ ಅಣಕಿಸಿದ್ದು ತಪ್ಪಾಯಿತೆಂದೂ ಹೇಳಬೇಕಿತ್ತು. ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

ಬಜಾರಿನಲ್ಲಿ ಅಂಗಡಿಯ ಖಾಜಾಮಿಯಾ ಎದ್ದು ನಿಂತು ಕೇಳಿದ, “ಏನ್ ಸಿಸ್ಟರಮ್ಮಾ, ನಬೀಸಾಬ್‌ನ ಮನ್ಯಾಗ ಏನ್ ಹುಟ್ತುರೀ?”

ಸಿಸ್ಟರು ಹೆಜ್ಜೆ ನಿಲ್ಲಿಸಿದರು. ಅವರ ತುಟಿ ಬಿಚ್ಚುವ ಮೊದಲೇ ಮಹಬೂಬಿ ಮುಂದೆ ಬಂದಳು.

“ನನ್ ಕೇಳ್ರಿ ಚಾಚಾ. ಹೆಣ್ಣು ಹುಟ್ಯಾಳ. ಅಮ್ಮಿನೂ ಚೊಲೋ ಅದಾಳ. ಸಿಸ್ಟರಮ್ಮಂದು ಇವತ್ತ ಮಾತಿನ ರೋಜಾ ಅದ, ಅವರಿಗಿ ಮಾತಾಡಿಸಬ್ಯಾಡ್ರಿ.”

ಹಿಟ್ಟಿನ ಗಿರಣಿಯ ಹತ್ತಿರ ಹೆಂಗಸರು ಕೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಮಲ್ಲಯ್ಯ ಕೇಳಿದ. ಎಲ್ಲರಿಗೂ ಮಹಬೂಬಿಯೇ ಹೇಳಿದಳು. ಸಿಸ್ಟರು ಮಣಿ ಎಣಿಸುತ್ತ ಪಕ್ಕದಲ್ಲಿ ನಡೆದರು. ಮಾತಾಡಲಿಲ್ಲ, ಆದರೆ ಬ್ಯಾಗು ಹಿಡಿದ ಅವಳ ಕೈಯ ಮೇಲೆ ತಮ್ಮ ಕೈ ಇಟ್ಟುಕೊಂಡಿದ್ದರು.

ಕಾನ್ವೆಂಟು ಬಂತು. ಒಳಗೆ ಉಳಿದ ಸಿಸ್ಟರುಗಳು ಇನ್ನೂ ಪ್ರಾರ್ಥನೆಯಲ್ಲಿದ್ದರು. ಕಿಟಕಿಯಲ್ಲಿ ಕೆಂಪು ದೀಪ ಕಾಣುತ್ತಿತ್ತು. ಸಿಸ್ಟರ್ ಲೀಡ್ವಿನ್ ಬ್ಯಾಗು ತೆಗೆದುಕೊಂಡು, ಮಹಬೂಬಿಯ ತಲೆ ಸವರಿ ಒಳಗೆ ಹೋದರು.

ಮಹಬೂಬಿ ಗೇಟು ಮುಚ್ಚಲು ಕೈ ಹಾಕಿದಳು. ತಟ್ಟನೆ ಏನೋ ನೆನಪಾಗಿ ನಿಂತಳು. ಆಮೇಲೆ ಎರಡೂ ಕೈಯಿಂದ ಆ ಭಾರದ ಗೇಟನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಒಂದಿಷ್ಟೂ ಕಿರ್ರ್ ಎನ್ನದಂತೆ, ಮೆಲ್ಲಗೆ ಮುಚ್ಚಿದಳು.