ಮೂರನೇ ಮಹಡಿಯ ಗೋಡೆ

ಆ ಮನೆಯ ಗೋಡೆಯಲ್ಲಿ ತೇವ ಇರಲಿಲ್ಲ. ಇದೆ ಎಂದು ನಾನು ಹೇಳಿದೆ.

ಕನ್ನಡಕದ ಅಂಗಡಿಯವರು ಒಮ್ಮೆ ಗೋಡೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. "ನೀವು ಹೇಳಿದ ಮೇಲೆ ಮುಗೀತು ಮೇಷ್ಟ್ರೇ. ಈ ಮನೆ ಬೇಡ" ಎಂದು ಮೆಟ್ಟಿಲಿಳಿದರು. ನಾನೂ ಅವರ ಹಿಂದೆ ಇಳಿದೆ. ಹದಿನೈದು ವರ್ಷದಲ್ಲಿ ಮನೆಯ ವಿಷಯಕ್ಕೆ ನಾನು ಯಾರಿಗೂ ಸುಳ್ಳು ಹೇಳಿದವಳಲ್ಲ.

ನಾನು ಟೈಲರ್. ಹೊಲಿಗೆಯಲ್ಲಿ ಉಳಿಸಿದ ದುಡ್ಡಿಗೆ ಬ್ಯಾಂಕಿನ ಸಾಲ ಸೇರಿಸಿ ಒಂದು ಪುಟ್ಟ ಮನೆ ಕೊಂಡೆ. ಅದನ್ನು ಬಾಡಿಗೆಗೆ ಕೊಟ್ಟು ಅದರ ಕಂತು ಕಟ್ಟಿದೆ. ಆಮೇಲೆ ಇನ್ನೊಂದು, ಮತ್ತೊಂದು. ಈಗ ನಾಲ್ಕಿವೆ, ನಾಲ್ಕೂ ತುಂಬಿವೆ. ಹಾಗಾಗಿ ನಮ್ಮ ಬೀದಿಯಲ್ಲಿ ಬಾಡಿಗೆಗೆಂದು ಮನೆ ಕೊಳ್ಳಲು ಹೊರಟವರೆಲ್ಲ ಮೊದಲು ನನ್ನ ಹೊಲಿಗೆ ಮಿಷನ್ ಮುಂದೆ ಬಂದು ಕೂರುತ್ತಾರೆ.

ಕನ್ನಡಕದ ಅಂಗಡಿಯವರು ಮೊದಲು ಬಂದದ್ದು ಮಾತ್ರ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು. ಆರು ತಿಂಗಳ ಹಿಂದಿನ ಮಾತು. ಮದುವೆಯೊಂದು ಆಗಿ, ಮುರಿದು, ಅಕ್ಕನ ಮನೆಯಲ್ಲಿದ್ದ ಮನುಷ್ಯ. ಹತ್ತು ವರ್ಷ ಉಳಿಸಿದ್ದನ್ನು ಎಲ್ಲಿ ಹಾಕಲಿ ಎಂದು ಕೇಳಿದರು. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡು ಪಾಠ ಶುರು ಮಾಡಿದೆ.

"ವರ್ಷಕ್ಕೆ ಎಷ್ಟು ತಿಂಗಳು?"

"ಹನ್ನೆರಡು."

"ಬಾಡಿಗೆ ಲೆಕ್ಕಕ್ಕೆ ಹತ್ತೇ. ಎರಡು ತಿಂಗಳು ಮನೆ ಖಾಲಿ ಬಿತ್ತು, ಪೈಪ್ ಒಡೀತು, ಬಣ್ಣ ಹೊಡೆಸಿದ್ರಿ ಅಂತ ಇಟ್ಕೊಳ್ಳಿ. ಹತ್ತು ತಿಂಗಳ ಬಾಡಿಗೇಲಿ ವರ್ಷದ ಕಂತಿನ ಮುಕ್ಕಾಲು ಪಾಲಾದ್ರೂ ಹುಟ್ಟದಿದ್ರೆ ಆ ಮನೆ ಕಡೆ ತಲೆ ಹಾಕಿ ಕೂಡ ಮಲಗ್ಬೇಡಿ."

"ಉಳಿದ ಕಾಲು ಪಾಲು?"

"ನಿಮ್ಮ ಅಂಗಡಿಯಿಂದ ಬರ್ಬೇಕು, ನಿಮಗೆ ಭಾರ ಆಗದ ಹಾಗೆ. ಮತ್ತೆ ಆರು ತಿಂಗಳ ಕಂತು ಬೇರೆ ಎತ್ತಿಟ್ಟಿರ್ಬೇಕು. ಆಕಾಶ ಕಳಚಿ ಬಿದ್ರೂ ಅದನ್ನ ಮುಟ್ಟಕೂಡದು."

ಅವರು ಕೈಕಟ್ಟಿ ಕೇಳಿಸಿಕೊಂಡರು. "ನಿಮ್ಮನ್ನ ನೋಡಿದ್ರೆ ನಾಲ್ಕನೇ ಕ್ಲಾಸಿನ ಲೆಕ್ಕದ ಮೇಷ್ಟ್ರು ಜ್ಞಾಪಕಕ್ಕೆ ಬರ್ತಾರೆ. ಅವರಿಗೆ ಮೀಸೆ ಇತ್ತು, ಅಷ್ಟೇ ವ್ಯತ್ಯಾಸ." ಆವತ್ತಿನಿಂದ ನಾನು ಮೇಷ್ಟ್ರು.

ಶನಿವಾರ ಮಧ್ಯಾಹ್ನ ಇಬ್ಬರೂ ಅಂಗಡಿ ಮುಚ್ಚಿ ಮನೆ ನೋಡಲು ಹೋಗುತ್ತಿದ್ದೆವು. ನಲ್ಲಿ ತಿರುಗಿಸಿ ನೀರಿನ ಜೋರು ನೋಡುವುದು, ಕಪಾಟಿನ ಹಿಂದೆ ಕೈಯಾಡಿಸುವುದು, ಕೆಳಗಿನ ಮನೆಯವರ ಬಾಗಿಲು ತಟ್ಟಿ ಇಲ್ಲಿ ಮೊದಲಿದ್ದವರು ಯಾಕೆ ಬಿಟ್ಟುಹೋದರೆಂದು ಕೇಳುವುದು, ಎಲ್ಲ ಕಲಿಸಿದೆ. ಅವರಿಗೆ ಯೋಚನೆ ಬಂದಾಗ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸುತ್ತಿದ್ದರು. ಆಗ ಅವರಿಗೆ ನಾನು ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಅವರನ್ನು ಕಣ್ತುಂಬ ನೋಡುತ್ತಿದ್ದೆ. ಐದನೇ ಮನೆಯ ಅಡುಗೆಮನೆಯಲ್ಲಿ, ಒರೆಸುತ್ತ ಒರೆಸುತ್ತಲೇ ಅವರೆಂದರು, "ನಂಗೆ ದೂರದ್ದು ಮಾತ್ರ ಕಾಣಲ್ಲ ಮೇಷ್ಟ್ರೇ. ಹತ್ತಿರದ್ದು ಚೆನ್ನಾಗೇ ಕಾಣುತ್ತೆ."

ನಾನು ಥಟ್ಟನೆ ಬಗ್ಗಿ ಸಿಂಕಿನ ಕೆಳಗಿನ ಪೈಪು ಪರೀಕ್ಷೆ ಮಾಡಿದೆ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಹೀಗೆ ಹಾಯಾಗಿದ್ದಾಗ ಸಾಲದ ಮೇಡಂ ಬಂದಳು. ಬ್ಯಾಂಕಿನಲ್ಲಿ ಮನೆ ಸಾಲ ನೋಡಿಕೊಳ್ಳುವವಳು, ನನಗಿಂತ ಎಂಟು ವರ್ಷ ಚಿಕ್ಕವಳು, ನಕ್ಕರೆ ಎರಡೂ ಕೆನ್ನೆಯಲ್ಲಿ ಗುಳಿ. ನನ್ನ ಎರಡನೇ ಮನೆಯ ಸಾಲ ಅವಳೇ ಮಾಡಿಸಿದ್ದು, ಕೆಲಸದಲ್ಲಿ ಬೆರಳಿಟ್ಟು ತೋರಿಸುವ ತಪ್ಪಿಲ್ಲ. ಅದೇ ನನಗೆ ಇನ್ನಷ್ಟು ಉರಿ.

"ಸಾಲದ ಮೇಡಂ ಹೇಳಿದ್ರು, ಏರಿಳಿಯೋ ಬಡ್ಡಿನೇ ಒಳ್ಳೇದಂತೆ" ಎಂದರು ಅವರು ಒಂದು ದಿನ.

"ನಾನು ಮೊದಲ ಐದು ವರ್ಷ ಬಡ್ಡಿ ಬದಲಾಗದ ಸಾಲ ತಗೊಳ್ಳಿ ಅಂದಿದ್ದೆ."

"ಹೌದು. ಸುಮ್ನೆ ಅವರನ್ನೂ ಒಂದು ಮಾತು ಕೇಳ್ದೆ."

ಸುಮ್ನೆ! ಅವರು ಯಾರ ಜೊತೆ ನಕ್ಕರೂ ಸಹಿಸಿಕೊಳ್ಳುತ್ತಿದ್ದೆ, ಆದರೆ ಬಡ್ಡಿಯ ವಿಷಯವನ್ನು ಇನ್ನೊಬ್ಬ ಹೆಂಗಸಿನ ಹತ್ತಿರ ಕೇಳುವುದೆಂದರೆ! ಅದು ನನ್ನ ಜಾಗ. ನಾನು ಅವರಿಗೆ ಯಾರೂ ಅಲ್ಲ, ಅವರಿಗೆ ಬುದ್ಧಿ ಹೇಳುವವಳು ಮಾತ್ರ, ಇದ್ದದ್ದು ಅದೊಂದೇ. ಆ ಮಧ್ಯಾಹ್ನ ಒಬ್ಬರ ಅಂಗಿಗೆ ಎರಡೂ ಎಡ ತೋಳೇ ಹೊಲಿದೆ. ಬಿಚ್ಚಿ ಮತ್ತೆ ಹೊಲಿಯುವಷ್ಟರಲ್ಲಿ ಸಂಜೆಯಾಯಿತು.

ಎಂಟನೇ ಮನೆ ಮೂರನೇ ಮಹಡಿಯಲ್ಲಿತ್ತು. ಐದು ನಿಮಿಷ ನಡೆದರೆ ದೊಡ್ಡ ಆಸ್ಪತ್ರೆ, ನರ್ಸುಗಳಿಗೆ ಯಾವಾಗಲೂ ಮನೆ ಬೇಕು, ಅದು ಖಾಲಿ ಬೀಳುವ ಮಾತೇ ಇಲ್ಲ. ಲಿಫ್ಟು ಓಡುತ್ತಿತ್ತು. ಬಚ್ಚಲಿನ ನೀರು ಸರಾಗವಾಗಿ ಇಳಿಯುತ್ತಿತ್ತು. ಹತ್ತು ತಿಂಗಳ ಲೆಕ್ಕ ಮನಸ್ಸಿನಲ್ಲೇ ಹಾಕಿದೆ, ಸಲೀಸಾಗಿ ಕೂತಿತು. ಹೇಳೋಣವೆಂದು ಬಾಲ್ಕನಿಗೆ ಹೋದರೆ ಎದುರು ಕಟ್ಟಡದ ಬಾಲ್ಕನಿಯಲ್ಲಿ ಸಾಲದ ಮೇಡಂ ನಿಂತಿದ್ದಾಳೆ, ತಲೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡು.

"ಕನ್ನಡಕದವ್ರೇ! ಹಿಡಿಸ್ತಾ ಮನೆ? ನನ್ನ ಎದುರಿಗೇ ಇದೆ, ನೋಡಿ ಅಂತ ಹೇಳಿದ್ನಲ್ಲ! ಬಾಡಿಗೆ ತಗೊಳ್ಳೋಕೆ ಬಂದಾಗೆಲ್ಲ ನಮ್ಮನೇಲೇ ಟೀ, ಮರೀಬೇಡಿ!"

ಮನೆ ಹುಡುಕಿಕೊಟ್ಟವಳು ಅವಳೆಂದು ಅವರು ನನಗೆ ಹೇಳಿರಲಿಲ್ಲ. ಅವರು ಕೈಯೆತ್ತಿ ಬೀಸಿದರು. ನಕ್ಕರು ಕೂಡ. ತಿಂಗಳಿಗೊಂದು ಟೀ, ವರ್ಷಕ್ಕೆ ಹನ್ನೆರಡು. ಅವಳ ಟೀಗೆ ಹತ್ತು ತಿಂಗಳ ಲೆಕ್ಕ ಅನ್ವಯಿಸುವುದಿಲ್ಲ. ನಾನು ಒಳಗೆ ಹೋಗಿ ಮಲಗುವ ಕೋಣೆಯ ಗೋಡೆಯ ಮೇಲೆ ಅಂಗೈ ಇಟ್ಟೆ. ರಟ್ಟಿನ ಹಾಗೆ ಒಣಗಿತ್ತು. "ಒಳಗೆ ನೀರಿಳಿದಿದೆ. ವರ್ಷದೊಳಗೆ ಪ್ಲಾಸ್ಟರ್ ಕಿತ್ತು ಬರುತ್ತೆ" ಎಂದೆ.

ಭಾನುವಾರವೂ ಸೋಮವಾರವೂ ಅವರು ನನ್ನ ಅಂಗಡಿಯ ಕಡೆ ಸುಳಿಯಲಿಲ್ಲ. ಮಂಗಳವಾರ ಮಧ್ಯಾಹ್ನ ಅವರ ಅಕ್ಕ ಬಂದರು, ದಿಂಬಿನ ಚೀಲದ ಬಟ್ಟೆ ಹಿಡಿದುಕೊಂಡು.

"ತಮ್ಮ ಊಟ ಸರಿಯಾಗಿ ಮಾಡ್ತಿಲ್ಲಮ್ಮ" ಎಂದರು. "ಆ ಆಸ್ಪತ್ರೆ ಹತ್ರದ ಮನೆ ತುಂಬ ಆಸೆಪಟ್ಟಿದ್ದ. ಈವತ್ತು ಸಂಜೆ ಐದಕ್ಕೆ ಬೇರೆ ಪಾರ್ಟಿಗೆ ಕೊಟ್ಟುಬಿಡ್ತಾರಂತೆ. ಈ ರೇಟಿಗೆ ಇನ್ನು ನನ್ನ ಕೈಗೆ ಮನೆ ಸಿಕ್ಕಲ್ಲ ಅಕ್ಕಾ, ಆಸೆ ಬಿಟ್ಟೆ ಅಂದ. ನೀವು ಬೇಡ ಅಂದ್ರಂತಲ್ಲ. ನಿಮ್ಮ ಮಾತಂದ್ರೆ ಅವನಿಗೆ ವೇದವಾಕ್ಯ."

ದಿಂಬಿನ ಅಳತೆಯನ್ನು ಮೂರು ಸಲ ತೆಗೆದೆ. ಮೂರು ಸಲವೂ ಬೇರೆ ಬೇರೆ ಬಂತು. ಸಾಲದ ಮೇಡಂ ಮೇಲಿನ ಹೊಟ್ಟೆಕಿಚ್ಚಿಗೆ ಈ ಮನುಷ್ಯನ ಹತ್ತು ವರ್ಷದ ಆಸೆಯನ್ನು ಒಲೆಗೆ ಹಾಕಿದ್ದೆ. ನಿಜ ಹೇಳಿದರೆ ಯಾಕೆ ಸುಳ್ಳು ಹೇಳಿದೆ ಎಂದೂ ಹೇಳಬೇಕು. ಆಮೇಲೆ ಶನಿವಾರಗಳೂ ಇರುವುದಿಲ್ಲ, ಮೇಷ್ಟ್ರೂ ಇರುವುದಿಲ್ಲ. ಆದರೂ ಅಕ್ಕ ಹೋದ ಮೇಲೆ ಬಾಗಿಲು ಎಳೆದು ಹೊರಟೆ.

ಅವರ ಅಂಗಡಿಯಲ್ಲಿ ಒಬ್ಬ ಅಜ್ಜ ಕನ್ನಡಿಯ ಮುಂದೆ ಫ್ರೇಮ್ ಆರಿಸುತ್ತಿದ್ದರು. ಒಂದು ಹಾಕುವುದು, ತೆಗೆಯುವುದು, ಇನ್ನೊಂದು ಹಾಕುವುದು. ಅವರು ಮುಗಿಸುವ ಲಕ್ಷಣ ಕಾಣಲಿಲ್ಲ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ನಾನು ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದೆ.

"ಆ ಗೋಡೇಲಿ ತೇವ ಇಲ್ಲ."

"ಗೊತ್ತು" ಎಂದರು ಅವರು, ಸ್ಕ್ರೂ ಬಿಗಿಮಾಡುತ್ತ.

"ಗೊತ್ತಾ?"

"ಭಾನುವಾರ ಪ್ಲಂಬರ್‌ನ ಕರ್ಕೊಂಡು ಹೋಗಿದ್ದೆ. ಕಣ್ಣು ನೋಡೋ ಟಾರ್ಚ್ ಹಿಡಿದು ಇಂಚಿಂಚೂ ನೋಡಿದ್ವಿ."

"ಮತ್ತೆ ಯಾಕೆ ಸುಮ್ಮನೆ ಕೂತಿದೀರಿ? ಐದಕ್ಕೆ ಮನೆ ಕೈಬಿಟ್ಟು ಹೋಗುತ್ತೆ!"

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಕಿವಿ ಕೆಂಪಾಗಿತ್ತು. "ನೀವು ಸುಳ್ಳು ಹೇಳೋರಲ್ಲ. ಹೇಳಿದ್ರಿ ಅಂದ್ರೆ ಏನೋ ಕಾರಣ ಇರ್ಬೇಕು. ಅದು ನಾನಂದ್ಕೊಂಡ ಕಾರಣಾನೇ ಆಗಿದ್ರೆ ಮನೆ ಹೋದ್ರೆ ಹೋಗ್ಲಿ. ಅದಲ್ಲ ಅಂದ್ರೆ ಆ ಮನೆ ಇಟ್ಕೊಂಡು ನಾನೇನು ಮಾಡ್ಲಿ? ಕೇಳೋಕೆ ಧೈರ್ಯ ಬರ್ಲಿಲ್ಲ. ದಿನಾ ನಿಮ್ಮ ಬೀದಿ ತುದಿವರೆಗೂ ಬಂದು ವಾಪಸ್ ಹೋದೆ."

ಇನ್ನು ಮುಚ್ಚಿಡಲು ಏನಿತ್ತು? "ಹೊಟ್ಟೆಕಿಚ್ಚು ರೀ" ಎಂದೆ. "ಅವಳು ಟೀ ಕುಡಿಯೋಕೆ ಬನ್ನಿ ಅಂದಿದ್ದು ನನಗೆ ಸಹಿಸೋಕಾಗ್ಲಿಲ್ಲ. ನೀವು ಅವಳನ್ನ ಬಡ್ಡಿ ಕೇಳಿದ್ದೂ ಸಹಿಸೋಕಾಗ್ಲಿಲ್ಲ. ನಂಗೆ ನೀವು ಬೇಕು. ಅದಕ್ಕೆ ನಿಮ್ಮ ಮನೆ ಹಾಳುಮಾಡೋಕೆ ಹೊರಟಿದ್ದೆ. ತಪ್ಪಾಯ್ತು."

"ಟೀ ಕುಡಿದೆ" ಎಂದರು ಅವರು.

ನಾನು ನೆಟ್ಟಗಾದೆ. "ಯಾವಾಗ?"

"ಭಾನುವಾರ, ಗೋಡೆ ನೋಡಿದ ಮೇಲೆ. ಅರ್ಧ ಗಂಟೆ ಕೂತಿದ್ದೆ. ಮೇಷ್ಟ್ರು ಹಾಗಂದ್ರು, ಮೇಷ್ಟ್ರು ಹೀಗಂದ್ರು ಅಂತ ಅದೇ ಹೇಳ್ತಿದ್ನಂತೆ. ಕೊನೆಗೆ ಅವರು ಕಪ್ ಎತ್ಕೊಂಡು, ಇದನ್ನೆಲ್ಲ ನಂಗ್ಯಾಕೆ ಹೇಳ್ತೀರಿ, ಹೋಗಿ ಅವರಿಗೇ ಹೇಳಿ ಅಂದ್ರು. ಇನ್ನು ಟೀಗೆ ಕರೆಯೋ ಹಾಗೆ ಕಾಣಲ್ಲ."

ಪಾಪ ಅನಿಸಿತು, ಅರೆಗಳಿಗೆ. ಆಮೇಲೆ ಗಡಿಯಾರ ನೋಡಿದೆ.

"ಮೊದಲು ಫೋನ್ ಮಾಡಿ. ಟೋಕನ್ ಅಡ್ವಾನ್ಸ್ ಈಗಲೇ ಕಳಿಸ್ತೀನಿ ಅನ್ನಿ. ಪತ್ರಗಳನ್ನ ವಕೀಲರು ನೋಡೋವರೆಗೆ ಅದರ ಮೇಲೆ ಒಂದು ಪೈಸೆನೂ ಕೊಡಕೂಡದು."

ಅವರು ಫೋನ್ ಮಾಡಿದರು. ಮನೆ ಅವರದೇ ಆಯಿತು. ಅಜ್ಜ ಐದನೇ ಫ್ರೇಮಿನಲ್ಲಿದ್ದರು.

"ಇನ್ನೊಂದು ಡೌಟು ಮೇಷ್ಟ್ರೇ. ನಾನೇ ವಾಸ ಇರ್ತೀನಿ ಅಂದ್ರೆ ಬ್ಯಾಂಕಲ್ಲಿ ಬಡ್ಡಿ ಕಡಿಮೆಯಂತೆ. ಅಕ್ಕನ ಮನೇಲಿ ಎಷ್ಟು ದಿನ ಅಂತ ಇರೋದು? ನಾನೇ ಹೋಗಿ ಅಲ್ಲಿ ಇದ್ದುಬಿಡ್ಲಾ?"

"ಅವಳ ಬಾಲ್ಕನಿ ಎದುರಿಗಾ? ಕೂಡದು!" ನನ್ನ ದನಿಗೆ ಅಜ್ಜ ತಿರುಗಿ ನೋಡಿದರು. "ಬಾಡಿಗೆಗೆ ಅಂತಲೇ ಬರೀರಿ. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಆದ್ರೂ ಆಗ್ಲಿ. ನರ್ಸುಗಳಿಗೆ ಕೊಡಿ."

"ಸರಿ. ಮತ್ತೆ ನಾನೆಲ್ಲಿರ್ಲಿ?"

ಅವರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು, ಇನ್ನೊಂದು ಉತ್ತರಕ್ಕೆ ಕಾಯುತ್ತಿತ್ತು. ಅವರ ಕೈ ಕೌಂಟರಿನ ಮೇಲಿತ್ತು. ಅದರ ಮೇಲೆ ನನ್ನ ಕೈ ಇಟ್ಟೆ.

"ನನ್ನ ಜೊತೆ" ಎಂದೆ.

ಅವರು ಆ ಕೈ ಬಿಡಿಸಿಕೊಳ್ಳದೆ ಇನ್ನೊಂದು ಕೈಯಲ್ಲಿ ಫೋನ್ ಎತ್ತಿ ಅಕ್ಕನಿಗೆ ಹಚ್ಚಿದರು.

"ಅಕ್ಕಾ, ಮನೆ ಸಿಕ್ತು."

"ಯಾವುದೋ?" ಅಕ್ಕನ ದನಿ ನನಗೂ ಕೇಳಿಸಿತು.

"ಬಾಡಿಗೆಗೆ ಕೊಡೋಕೊಂದು. ಇರೋಕೊಂದು."

 ಅಕ್ಕ, ಫೋನ್ ನಿನ್ನ ಮೇಷ್ಟ್ರ ಕೈಗೆ ಕೊಡು ಎಂದರು.