ನಜಮಾ ಹಿಡಿದ ತಪ್ಪು

"ಇಂಥಾ ಒಲಿ ಕಟ್ಟೂದಕ್ಕಿಂತ ಸುಮ್ಮ ಕುಂಡ್ರೂದು ಛಲೋರಿ!"

ಮಲ್ಲಸಮುದ್ರದ ಓಣಿಯ ನಡುವೆ ನಜಮಾ ನಿಂತಿದ್ದಳು. ಹೊಗೆಗೆ ಅವಳ ಕಣ್ಣು ಕೆಂಪಾಗಿದ್ದವು. ಎದುರಿಗೆ ಗೋಡೆ ಕಟ್ಟುವ ಗೌಂಡಿ ಮೌಲಾಸಾಬ, ಕೈತುಂಬ ಕೆಸರು.

ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆಯೊಂದನ್ನು ಅವನು ತಾನೇ ಯೋಚಿಸಿ ಮಾಡಿದ್ದ. ಕೇಳಿದವರಿಗೆಲ್ಲ ಪುಕ್ಕಟೆ ಕಟ್ಟಿಕೊಡುತ್ತಿದ್ದ. ಒಲೆ ಕಟ್ಟಲು ಮಾಡಿದ ಕಟ್ಟಿಗೆಯ ಅಚ್ಚು ಅವನ ಬಾಗಿಲ ಹೊರಗೇ ಇರುತ್ತಿತ್ತು... ಯಾರಾದರೂ ಒಯ್ಯಲಿ, ತಿದ್ದಲಿ, ಎಂದು.

"ಏನಾಗೇತಿ? ಹೊಗಿ ಯಾವಾಗ ಬರ್ತೈತಿ?"

"ಯಾವಾಗ ಅಂದ್ರ? ನಮ್ಮ ಅಮ್ಮಾ ಕೆಮ್ಮಿ ಕೆಮ್ಮಿ ಸಾಯಾಕ ಹತ್ಯಾಳ. ನಿಮಗ ಒಲಿ ಕಟ್ಟಾಕ ಬರೂದಿಲ್ಲ, ಅಷ್ಟ!"

ಕಟ್ಟೆಯ ಮೇಲಿದ್ದವರು ನಕ್ಕರು. ಮೌಲಾಸಾಬನ ಮುಖ ಕಪ್ಪಿಟ್ಟಿತು.

"ಪುಕ್ಕಟೆ ತಗೊಂಡವರಿಗೆ ಇಷ್ಟು ಸೊಕ್ಕ?"

ನಜಮಾ ಸರಕ್ಕನೆ ಮನೆಯ ಕಡೆ ತಿರುಗಿದಳು. 'ಸೊಕ್ಕಂತ! ತಾಯಿಯ ಕೆಮ್ಮು ಕೇಳಲಾರದೆ ಬಂದವಳಿಗೆ ಸೊಕ್ಕೇ?'

ಮರುದಿನ ನೆರೆಮನೆಯ ಖೈರುನಬಿ ಬಂದಳು.

"ಮೌಲಾ ಅಚ್ಚು ಒಳಗ ಇಟ್ಟಾನಂತ ನೋಡವಾ. ಇನ್ನ ಒಲಿ ಕಟ್ಟೂದಿಲ್ಲಂತ. ನಾಳೆ ಅದನ್ನ ಒಡದು ಉರಿಗೆ ಹಾಕ್ತಾನಂತ."

ನಜಮಾ ಕೈಯ ಕೆಲಸ ಬಿಟ್ಟು ಎದ್ದಳು.

"ನಿಮ್ಮನ್ಯಾಗ ಹೊಗಿ ಬರೂದಿಲ್ಲೇನು?"

"ಬರ್ತಿತ್ತು. ಒಡದು ಹಳೇ ಒಲಿ ಹೂಡೀವಿ. ಪುಕ್ಕಟೆ ಕಟ್ಟಿದಾಂವಗ ಹೆಂಗ ಹೇಳೂದು? ಛಲೋ ಐತಿ ಅಂದ್ವಿ. ಓಣ್ಯಾಗ ಎಲ್ಲಾರೂ ಹಂಗ ಮಾಡ್ಯಾರ."

ಓಣಿಯೆಲ್ಲ ಹೀಗೆಯೇ ಮೌನವಾಗಿ ಒಲೆ ಒಡೆಯುತ್ತಿದೆ. ಅವನು ಮಾತ್ರ ಎಲ್ಲ ಸರಿ ಇದೆಯೆಂದು ನಂಬಿದ್ದಾನೆ! 'ಅವರು ಹೇಳಲಿಲ್ಲ. ನಾನು ಬರೀ ಬೈದೆ. ತಪ್ಪು ಎಲ್ಲಿದೆ ಎಂದು ನಮ್ಮಲ್ಲಿ ಯಾರು ಹೇಳಿದರು?'

ಅಂದು ಅವಳು ಒಲೆಯ ಮುಂದೆ ಕುಳಿತು ಬರೀ ನೋಡಿದಳು. ಚಹಾ ಇಟ್ಟಳು, ಹೊಗೆ ಇಲ್ಲ. ಬೇಳೆ ಬೇಯಿಸಿದಳು, ಇಲ್ಲ. ರೊಟ್ಟಿ ಬಡಿದು ಹಂಚಿಗೆ ಹಾಕಿದಳು, ಆಗಲೂ ಇಲ್ಲ. ಬೆಂದ ರೊಟ್ಟಿಯನ್ನು ಉಬ್ಬಿಸಲು ಕೆಂಡವನ್ನು ಒಲೆಯ ಬಾಯಿಯಿಂದ ಹೊರಗೆ ಎಳೆದಳು...

ಮನೆಯೆಲ್ಲ ಹೊಗೆ!

ಸಂಜೆಗೆ ನಜಮಾ ತನ್ನ ತಾಯಿ ರಮಜಾನಬಿಯ ಮೂಲಕ ಅವನಿಗೆ ಹೇಳಿಕಳಿಸಿದಳು. "ರೊಟ್ಟಿ ಬಡಿಯೂ ಹೊತ್ತಿಗೆ ಬಂದು ಒಮ್ಮೆ ನೋಡ್ರಿ. ಆಮ್ಯಾಲೆ ಬೇಕಾದ್ರ ಅಚ್ಚು ಒಡೀರಿ."

ಮೌಲಾಸಾಬ ಬಂದ. ಮುಖ ಬಿಗಿದಿತ್ತು.

ನಜಮಾ ರೊಟ್ಟಿ ಬಡಿದಳು. ಕೆಂಡ ಎಳೆದಳು. ರೊಟ್ಟಿಯನ್ನು ಕೆಂಡಕ್ಕೆ ನಿಲ್ಲಿಸಿದಳು. ಹೊಗೆ ಅವನ ಮುಖಕ್ಕೇ ಬಡಿಯಿತು.

"ಉಳಿದ ಹೊತ್ತು ನಿಮ್ಮ ಒಲಿ ಬಂಗಾರದಂಗ ಐತ್ರಿ. ಇದೊಂದು ಹೊತ್ತಿಗೆ ಮಾತ್ರ... ರೊಟ್ಟಿ ನಿಲ್ಲಿಸಾಕ ಒಳಗ ಜಾಗಾನ ಇಲ್ಲ. ನಿನ್ನೆ ಇದನ್ನ ಹೇಳ್ಬೇಕಿತ್ತು. ಜನರ ಮುಂದ ಹಂಗ ಅಂದದ್ದು ನನ್ನ ತಪ್ಪು."

ಅವನು ಬಗ್ಗಿ ಒಲೆಯ ಬಾಯಿಯೊಳಗೆ ಇಣುಕಿದ.

ಆಮೇಲೆ ಅವನು ನಕ್ಕುಬಿಟ್ಟ!

"ನಾ ಬರೇ ಚಹಾ ಕಾಸಿ ನೋಡಿದ್ದೆ... ರೊಟ್ಟಿ ಬಡದಾವ ಅಲ್ಲ ನಾ! ನಾನೂ ಸಿಟ್ಟಿಗೆ ಬಾಯಿಗೆ ಬಂದದ್ದು ಅಂದೆ. ಮನಸಿನ್ಯಾಗ ಇಟ್ಕೋಬ್ಯಾಡ."

"ಹೋಗ್ಲಿ ಬಿಡ್ರಿ."

"ಇನ್ನೊಂದು ರೊಟ್ಟಿ ಮಾಡು. ಎಷ್ಟು ಅಗಲ ಬೇಕು, ನೋಡ್ತೀನಿ."

ಮರುದಿನ ಇಬ್ಬರೂ ಸೇರಿ ಒಲೆಯ ಬಾಯಿ ಅಗಲ ಮಾಡಿದರು, ಒಳಗೇ ಕೆಂಡಕ್ಕೊಂದು ಗೂಡು ಬಿಟ್ಟರು. ಒಣಗಿದ ಮೇಲೆ ಒಲೆ ಹಚ್ಚಿದರು. ರೊಟ್ಟಿ ಉಬ್ಬಿತು. ಹೊಗೆ ಕೊಳವೆಯಿಂದ ನೆಟ್ಟಗೆ ಮೇಲೇರಿತು. ರಮಜಾನಬಿ ಕೆಮ್ಮಲಿಲ್ಲ.

ಅಚ್ಚನ್ನೂ ಹಾಗೆಯೇ ತಿದ್ದಿ ಅವನು ಮತ್ತೆ ಬಾಗಿಲ ಹೊರಗಿಟ್ಟ. ಕಟ್ಟೆಯ ಮೇಲಿನವರು ಕೇಳಿದರೆ ಎದೆಯುಬ್ಬಿಸಿ ಹೇಳುತ್ತಿದ್ದ, "ಒಲಿ ನಂದು, ಬಾಯಿ ನಜಮಾಂದು."

"ಬಾಯಿ ಆಕೀದು ಅನ್ನೂದು ಓಣಿಗೆಲ್ಲಾ ಗೊತ್ತೈತಿ ತಗೋ!" ಎಂದು ಅವರು ನಕ್ಕರು. ಆ ನಗು ಕೇಳಿಯೂ ನಜಮಾ ತಲೆ ತಗ್ಗಿಸಲಿಲ್ಲ. ಹೆಮ್ಮೆಯಿಂದ ಕೊಡ ಹೊತ್ತು ನಡೆದಳು.

ಒಂದು ಸಂಜೆ ಅವನು ಅವಳ ಬಾಗಿಲಲ್ಲಿ ನಿಂತ.

"ನಜಮಾ... ನನ್ನ ಕೆಲಸದಾಗ ಮುಂದೂ ತಪ್ಪು ಇರ್ತಾವು. ದಿನಾ ಹೇಳಾಕ... ನಮ್ಮ ಮನಿಗೇ ಬರ್ತಿಯೇನು?"

ಅವಳ ಕೆನ್ನೆ ಬಿಸಿಯಾದವು.

"ನೀವು ಈಗ ಕೇಳಿದ್ರಾಗೂ ಒಂದು ತಪ್ಪೈತ್ರಿ."

"ಎಲ್ಲೆ?"

"ಇದನ್ನ ಕೇಳಾಕ ಹಿರಿಯಾರನ್ನ ಕರ್ಕೊಂಡು ಬರ್ಬೇಕು. ನಮ್ಮ ಅಮ್ಮಾನ್ನ ಕೇಳ್ಬೇಕು."

"ಮತ್ತ... ಉಳಿದದ್ದು?"

ನಜಮಾ ಮೊದಲ ಸಲ ಅವನ ಕಣ್ಣನ್ನೇ ನೋಡಿದಳು.

"ಉಳಿದದ್ದು... ಎಲ್ಲಾ ಸರಿ ಐತ್ರಿ."